ನೀಲವ್ವ ಅಂಗೈ ಇಟ್ಟು ನೋಡಿದ ಸರ್ವರ್

ಗೆಳೆಯರೇ, ಸಿನಿಮಾ, ಮನೆಯ ವಿಡಿಯೊಗಳನ್ನೆಲ್ಲ ತುಂಬಿಟ್ಟ ನಮ್ಮ ಘಾಟ್ಕೋಪರ್ ಫ್ಲ್ಯಾಟಿನ ಮೀಡಿಯಾ ಸರ್ವರ್ ಇವತ್ತೂ ಹನ್ನೊಂದಕ್ಕೆ ಸರಿಯಾಗಿ ನಿಂತಿತು. ಅಮ್ಮ ನೋಡುತ್ತಿದ್ದ ತಂಗಿಯ ಮದುವೆ ವಿಡಿಯೊ ಧಾರೆಯ ಹೊತ್ತಿಗೇ ಸ್ತಬ್ಧ. ಮೂರು ವಾರದಿಂದ ದಿನ ಬಿಟ್ಟು ದಿನ ಇದೇ ಗೋಳು. ವೈರುಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿದರೆ ಸರಿಹೋಗುತ್ತದೆ, ಕಾರಣ ಮಾತ್ರ ಸಿಗುವುದಿಲ್ಲ. ರೂಟರ್ ಕೂಡ ಬದಲಿಸಿಯಾಗಿತ್ತು. ಇನ್ನು ಸಾಫ್ಟ್‌ವೇರ್ ಎಲ್ಲ ಅಳಿಸಿ ಹೊಸದಾಗಿ ಹಾಕುವುದೇ ಸರಿ ಎಂದು ಕೂತೆ.

ಮನೆಗೆಲಸಕ್ಕೆ ಬರುವ ವಿಜಯಪುರದ ನೀಲವ್ವ ಧೂಳು ಒರೆಸುತ್ತಿದ್ದವರು ಸರ್ವರ್ ಇಟ್ಟ ಹಲಗೆಯ ಮೇಲೆ ಅಂಗೈ ಇಟ್ಟರು.

"ತಡೀರಿ ಅಣ್ಣಾರ. ಹಲಗಿ ನಡಗಾಕತ್ತೈತಿ. ಬಾಜೂ ಮನಿ ಗುಜರಾತಿ ಬೆನ್ ಅವರು ಮನ್ಯಾಗಿನ ಹಿಟ್ಟಿನ ಚಕ್ಕಿ ಚಾಲೂ ಮಾಡ್ಯಾರ್ರಿ."

"ಅದಕ್ಕೂ ಇದಕ್ಕೂ ಏನು ಸಂಬಂಧ ನೀಲವ್ವ?"

"ಅವರು ದಿನಾ ಬಿಟ್ಟು ದಿನಾ ತಾಜಾ ಹಿಟ್ಟು ಬೀಸ್ತಾರ್ರಿ. ಗ್ವಾಡಿ ಒಂದ ಐತಲ್ಲ. ನಡಗಿ ನಡಗಿ ವಾಯರ್ ಸಡ್ಲ ಆಗಿರಬೇಕು, ನೋಡ್ರಿ."

ನೋಡಿದೆ. ಡಿಸ್ಕಿನ ವೈರ್ ಅರ್ಧ ಹೊರಗಿತ್ತು. ಒತ್ತಿ ಸಿಕ್ಕಿಸಿದೆ.

ನೀಲವ್ವ ಸರ್ವರ್ ಡಬ್ಬವನ್ನು ಎತ್ತಿ ಎದುರು ಗೋಡೆಯ ಕಪಾಟಿನ ಮೇಲಿಟ್ಟರು. ಚಕ್ಕಿ ಓಡುತ್ತಲೇ ಇತ್ತು, ಧಾರೆಯೂ ಸುಸೂತ್ರವಾಗಿ ಮುಗಿಯಿತು.

ಆಫೀಸಿನಲ್ಲಿ ಸರ್ವರ್ ವಿಭಾಗದ ಮುಖ್ಯಸ್ಥ ನಾನೇ ಎಂಬುದು ನೀಲವ್ವನಿಗೆ ಗೊತ್ತಿಲ್ಲ. ಘಾಟ್ಕೋಪರ್‌ನ ಗೆಳೆಯರು ದಯವಿಟ್ಟು ಹೇಳಬೇಡಿ.