ಕೈ ಎತ್ತುವ ಮುನ್ನ

ನನ್ನ ಮಗನನ್ನು ನಮ್ಮ ಬೀದಿಯವರು ಸುತ್ತಿಗೆ ಎಂದೇ ಕರೆಯುತ್ತಾರೆ. ನಾನಿಟ್ಟ ಹೆಸರು ಒಂದಿದೆ, ಆದರೆ ಅದನ್ನು ಕೂಗಿದರೆ ಅವನೇ ತಿರುಗಿ ನೋಡುವುದಿಲ್ಲ. ಅಪಘಾತವಾದ ಕಾರುಗಳ ತಗಡನ್ನು ಬಡಿದು ನೆಟ್ಟಗೆ ಮಾಡುವುದು ಅವನ ಕಸುಬು. ಒಮ್ಮೆ ಲಾರಿಯಡಿ ಸಿಕ್ಕಿ ಚಾಪೆಯಾಗಿದ್ದ ಕಾರೊಂದನ್ನು ಅದರ ಯಜಮಾನ ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಂದ. ಇವನು ಮೂರು ದಿನ ಬಡಿದ. ನಾಲ್ಕು ಬಾಗಿಲಿನ ಕಾರು ಆಯಿತು, ಮಿಕ್ಕ ತಗಡಿನಲ್ಲಿ ನನಗೊಂದು ಸ್ನಾನದ ತೊಟ್ಟಿಯೂ ಆಯಿತು. ನಂಬದವರು ಮನೆಗೆ ಬಂದು ತೊಟ್ಟಿ ನೋಡಬಹುದು.

ಅವನ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ. ಒಬ್ಬ ತಗಡಿನ ಒಳಮಗ್ಗುಲಿಗೆ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿದು ಕೂತಿರುತ್ತಾನೆ, ಇನ್ನೊಬ್ಬ ಹೊರಗಿನಿಂದ ಸುತ್ತಿಗೆ ಬೀಸುತ್ತಾನೆ. ಒಳಗಿನವನಿಗೆ ಸುತ್ತಿಗೆ ಕಾಣುವುದಿಲ್ಲ, ಹಾಗಾಗಿ ಬೀಸುವವನು ಪ್ರತಿ ಸಲ ‘ಎತ್ತಿದೆ’ ಎಂದು ಕೂಗಿಯೇ ಬೀಸಬೇಕು. ಕೂಗದೆ ಬೀಸಿದ ಕೆಲಸಗಾರನೊಬ್ಬನನ್ನು ನನ್ನ ಮಗ ಅಂಗಡಿಯಿಂದ ಆಚೆ ಹಾಕಿದ. ಬಾಗಿಲಿನಿಂದ ಅಲ್ಲ, ಕಿಟಕಿಯಿಂದ.

ನನ್ನ ಕೈಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಗೋದಾಮಿನಲ್ಲಿ ಮೂವತ್ತು ವರ್ಷ ಮೂಟೆ ಹೊತ್ತವನು. ಅಡ್ಡ ಬಂದ ಗೂಳಿಯೊಂದಕ್ಕೆ ನಾನು ಕೊಟ್ಟ ಏಟಿಗೆ ಅದು ಒಂದು ವಾರ ಹಿಂದುಹಿಂದಕ್ಕೇ ನಡೆಯಿತು. ಮಗ ಎಂಟು ವರ್ಷದವನಿದ್ದಾಗ ಓದಲು ಕೂರಿಸಿ ಒಂದು ಬಿಟ್ಟೆ ನೋಡಿ, ಏಳು ಮನೆ ದಾಟಿ ಎಂಟನೇ ಮನೆಯವರು ಒಣಹಾಕಿದ್ದ ಬಟ್ಟೆಯ ಮೇಲೆ ಬಿದ್ದ. ಅವರು ಅವನನ್ನೂ ಬಟ್ಟೆಯ ಜೊತೆ ಮಡಚಿ, ಇಸ್ತ್ರಿ ಮಾಡಿ ವಾಪಸು ಕಳಿಸಿದರು. ಈ ಕಥೆ ಹೇಳಿದಾಗಲೆಲ್ಲ ಮೊಮ್ಮಗಳು ನಕ್ಕು ನಕ್ಕು ಬಿಕ್ಕಳಿಸುತ್ತಿದ್ದಳು. ಮಗ ಮಾತ್ರ ಎದ್ದು ಆಚೆ ಹೋಗುತ್ತಿದ್ದ. ಹಾಸ್ಯ ಗೊತ್ತಾಗದ ಪ್ರಾಣಿ ಎಂದುಕೊಂಡಿದ್ದೆ.

ಮೊಮ್ಮಗಳಿಗೂ ಈಗ ಎಂಟು. ಪಾತ್ರೆ ಬಿದ್ದರೆ, ಬಾಗಿಲು ಬಡಿದರೆ ಚಂಗನೆ ಹಾರುತ್ತಾಳೆಂದು ನಾನೇ ಮಿಡತೆ ಎಂದು ಅಡ್ಡಹೆಸರಿಟ್ಟೆ. ಕೆಟ್ಟುಹೋದ ಬೀಗ ಕೊಟ್ಟರೆ ಬಿಚ್ಚಿ, ಸರಿಮಾಡಿ, ಮತ್ತೆ ಜೋಡಿಸಿಕೊಡುತ್ತಾಳೆ. ಪುಸ್ತಕ ಕೊಟ್ಟರೆ ಮಾತ್ರ ಬೆವರುತ್ತಾಳೆ. ಅಕ್ಷರಗಳು ಇರುವೆಗಳ ಹಾಗೆ ಎದ್ದು ಓಡಾಡುತ್ತವಂತೆ. ಒಂದೇ ಪದವನ್ನು ಒಂದೇ ಹಾಳೆಯಲ್ಲಿ ಐದು ಥರ ಬರೆಯುತ್ತಾಳೆ. ಸಂಜೆ ಮಗ ಅವಳನ್ನು ಓದಿಸಲು ಕೂರುತ್ತಿದ್ದ. ಒಳಕೋಣೆಯಿಂದ ಒಂದೆರಡು ಏಟು ಬಿದ್ದ ಸದ್ದು ಬಂದರೆ ನಾನು ರೇಡಿಯೋ ಜೋರು ಮಾಡುತ್ತಿದ್ದೆ.

ಒಂದು ಮಧ್ಯಾಹ್ನ ಮಿಡತೆ ಬಲಗೈಗೆ ಕರವಸ್ತ್ರ ಸುತ್ತಿಕೊಂಡು ಶಾಲೆಯಿಂದ ಬಂದಳು. ಬಿಚ್ಚಿದರೆ ಎರಡು ಬೆರಳಿನ ಗೆಣ್ಣು ಒಡೆದು ಮೂಳೆ ಬೆಳ್ಳಗೆ ಕಾಣುತ್ತಿತ್ತು. ಪದ ತಿರುಗಿಸಿ ಬರೆದದ್ದಕ್ಕೆ ಮೇಷ್ಟ್ರು ಬೋರ್ಡು ಒರೆಸುವ ಮರದ ಡಸ್ಟರಿನ ಅಂಚಿನಲ್ಲಿ ಹೊಡೆದಿದ್ದರು. ಮಗ ಅಂಗಡಿಗೆ ಹೋಗಿ ದೊಡ್ಡ ಸುತ್ತಿಗೆ ತಂದ. ತಡೆಯುವುದಕ್ಕೆಂದು ನಾನೂ ಹಿಂದೆ ಹೋದೆ, ನಿಜ ಹೇಳಬೇಕೆಂದರೆ ನೋಡುವುದಕ್ಕೆ.

ಮೇಷ್ಟ್ರು ಗೇಟಿನ ಹೊರಗೆ ಸ್ಕೂಟರ್ ಒರೆಸುತ್ತಿದ್ದರು.

“ಏನ್ ಬೇಕಾಗಿತ್ತು?”

“ನಿಮ್ಮ ಗಾಡಿ ಬಡಿಯೋಣ ಅಂತ ಬಂದೆ.”

“ನನ್ನ ಗಾಡಿ ಚೆನ್ನಾಗೇ ಇದೆಯಲ್ಲಪ್ಪ.”

“ಅದಕ್ಕೇ,” ಎಂದ ಮಗ.

ಮೊದಲ ಏಟಿಗೆ ದೀಪ ಪುಡಿಯಾಯಿತು. ಆರನೆಯದಕ್ಕೆ ಸ್ಕೂಟರ್ ಮಂಡಿಯೂರಿತು. ಮೇಷ್ಟ್ರು ಅಡ್ಡ ಬಂದಾಗ ಮಗನ ಮೊಣಕೈ ಅವರ ಮೂಗಿಗೆ ಬಿತ್ತು. ಎಡಕ್ಕೆ ವಾಲಿದ್ದ ಮೂಗು ಬಲಕ್ಕೆ ವಾಲಿತು, ಬಿಳಿ ಅಂಗಿ ಸೊಂಟದವರೆಗೆ ಕೆಂಪಾಯಿತು. ಮಗ ಅವರ ಬಲಗೈಯನ್ನು ಗೇಟಿನ ಕಂಬಿಯ ಮೇಲೆ ಒತ್ತಿ ಹಿಡಿದು ಸುತ್ತಿಗೆ ಎತ್ತಿದಾಗ ನನ್ನ ತಮಾಷೆಯೆಲ್ಲ ಇಳಿದುಹೋಗಿ, ಹಿಂದಿನಿಂದ ಅವನ ಸೊಂಟಕ್ಕೆ ಜೋತುಬಿದ್ದೆ. ಸುತ್ತಿಗೆ ಕಂಬಿಗೆ ಬಿತ್ತು. ಆ ಸದ್ದಿಗೆ ಮೂರು ಬೀದಿಯಾಚೆಯ ಅಗ್ನಿಶಾಮಕ ದಳದವರು ಗಂಟೆ ಬಡಿಯಿತೆಂದು ಹೊರಟುಬಂದರು.

ಮಗ ನಾಲ್ಕು ದಿನ ಪೊಲೀಸ್ ಠಾಣೆಯಲ್ಲಿದ್ದ. ಮಿಡತೆಯ ಹೆಸರನ್ನು ಶಾಲೆಯವರು ಹೊಡೆದುಹಾಕಿದರು. ಕೈಗೆ ಹೊಲಿಗೆ ಹಾಕಿದ ಡಾಕ್ಟರೇ ಅವಳನ್ನು ಮಕ್ಕಳ ಓದಿನ ತೊಡಕು ನೋಡುವ ಇನ್ನೊಬ್ಬ ಡಾಕ್ಟರಮ್ಮನ ಬಳಿ ಕಳಿಸಿದರು. ಆಕೆ ಎರಡು ಗಂಟೆ ಪರೀಕ್ಷೆ ಮಾಡಿ ಹೇಳಿದ್ದು ಇಷ್ಟು: ಹುಡುಗಿ ದಡ್ಡಿಯಲ್ಲ, ಓದು ಅವಳ ತಲೆಗೆ ಬೇರೆ ದಾರಿಯಲ್ಲಿ ಹೋಗಬೇಕು, ಹಾಗೆ ಕಲಿಸುವುದು ಕೆಲವು ಖಾಸಗಿ ಶಾಲೆಗಳಲ್ಲಿ ಮಾತ್ರ. ಈ ತಿಂಗಳೊಳಗೆ ಸೇರಿಸಬೇಕು. ಇನ್ನೊಂದು ವರ್ಷ ಹೀಗೇ ಹೋದರೆ ತಾನು ದಡ್ಡಿ ಎಂದು ಅವಳೇ ನಂಬಿಬಿಡುತ್ತಾಳೆ, ಆಮೇಲೆ ಯಾರೂ ಏನೂ ಮಾಡಲಾಗುವುದಿಲ್ಲ.

ಶಾಲೆ ಆರಿಸುವುದರಲ್ಲಿ ನನ್ನ ಸೊಸೆಯನ್ನು ಮೀರಿಸುವವರಿಲ್ಲ. ಅವಳು ಶಾಲೆ ಬಟ್ಟೆ ಹೊಲಿಯುವ, ರಿಪೇರಿ ಮಾಡುವ ಅಂಗಡಿಯಲ್ಲಿ ಟೈಲರ್. ಡಾಕ್ಟರಮ್ಮ ಕೊಟ್ಟ ಏಳು ಶಾಲೆಗಳ ಪಟ್ಟಿಯಲ್ಲಿ ನಾಲ್ಕನ್ನು ಸೂಜಿಯಿಂದಲೇ ಗೀರಿ ಹಾಕಿದಳು.

“ಇಲ್ಲಿನ ಅಂಗಿ ರಿಪೇರಿಗೆ ಬಂದ್ರೆ ಬರೀ ಕಾಲರ್ ಕಿತ್ತಿರತ್ತೆ ಮಾವ.”

“ಮಕ್ಕಳು ಕುಸ್ತಿ ಆಡಿರ್ತವೆ ಕಣಮ್ಮ.”

“ಮಕ್ಕಳು ಕಿತ್ತಾಡಿದ್ರೆ ಗುಂಡಿ ಹೋಗತ್ತೆ. ಕಾಲರ್ ಹಿಂದ್ಗಡೆ ಕಿತ್ರೆ ಅದು ದೊಡ್ಡವರು ಹಿಡಿದೆಳೆದಿರೋದು.”

ಉಳಿದ ಮೂರಕ್ಕೆ ಮಗ ತನ್ನದೇ ಪರೀಕ್ಷೆ ಹುಡುಕಿದ. “ಹೊಡೀತೀರಾ ಅಂತ ಕೇಳಿದ್ರೆ ಯಾರು ಹ್ಞೂಂ ಅಂತಾರೆ? ನಾನು ಮಕ್ಕಳ ಹತ್ರ ನಿಂತು ತಲೆ ಕೆರ್ಕೊಳೋ ಹಾಗೆ ಥಟ್ ಅಂತ ಕೈ ಎತ್ತೀನಿ. ತಲೆ ತಗ್ಗಿಸಿದ್ರೆ ಗೊತ್ತಾಗೋಗತ್ತೆ.”

“ಎಲ್ಲಿ ಕಲಿತ್ಯೋ ಇದನ್ನ?”

ಅವನು ನನ್ನನ್ನೇ ಒಂದು ಗಳಿಗೆ ನೋಡಿದ. “ಬೀದಿ ನಾಯಿಗಳ ಹತ್ರ,” ಎಂದ.

ಮೊದಲ ಶಾಲೆಗೆ ಗಾಜಿನ ಬಾಗಿಲು, ಒಳಗೆ ಆಳೆತ್ತರದ ಮೀನಿನ ತೊಟ್ಟಿ. ಟೈ ಕಟ್ಟಿದ ಪ್ರಿನ್ಸಿಪಾಲರು “ನಮ್ಮಲ್ಲಿ ಪ್ರತಿ ಮಗೂನೂ ಒಂದೊಂದು ಹೂವು” ಎನ್ನುತ್ತಿರುವಾಗ ಪುಟ್ಟ ಮಕ್ಕಳ ಸಾಲೊಂದು ಬಂತು. ಮಗ ಕೈ ಎತ್ತಿದ. ಒಂಬತ್ತು ತಲೆ ಒಟ್ಟಿಗೆ ಬಗ್ಗಿದವು. ಒಬ್ಬಳು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಳು.

“ಹೂವು ಯಾಕ್ ಸರ್ ಬಾಡಿದೆ?” ಎಂದು ಕೇಳಿ ಮಗ ಅವರ ಟೈ ಹಿಡಿದ. ಮೇಜಿನ ಡ್ರಾಯರ್ ಎಳೆದರೆ ಬೆತ್ತ ಸಿಕ್ಕಿತು. ಅದನ್ನು ಅವರ ಬೆನ್ನ ಮೇಲೇ ಮುರಿದು, ಅವರನ್ನು ಎತ್ತಿ ಮೀನಿನ ತೊಟ್ಟಿಗೆ ಅಪ್ಪಳಿಸಿದ. ಗಾಜು, ನೀರು, ರಕ್ತ ಮೆಟ್ಟಿಲವರೆಗೆ ಹರಿದವು. ನಾನು ಮಂಡಿಯೂರಿ ಒದ್ದಾಡುತ್ತಿದ್ದ ಮೀನುಗಳನ್ನು ಕುಡಿಯುವ ನೀರಿನ ಜಗ್ಗಿಗೆ ತುಂಬಿದೆ. ಹನ್ನೊಂದು ಸಿಕ್ಕವು. ಹನ್ನೆರಡನೆಯದು ಪ್ರಿನ್ಸಿಪಾಲರ ಜೇಬಿನಲ್ಲಿ ಆಸ್ಪತ್ರೆಗೆ ಹೋಯಿತು.

ಎರಡನೆಯ ಶಾಲೆಯಲ್ಲಿ ಕೈ ಎತ್ತುವ ಪ್ರಮೇಯವೇ ಬರಲಿಲ್ಲ. ತರಗತಿಯ ಮೂಲೆಯಲ್ಲಿ ಹುಡುಗಿಯೊಬ್ಬಳನ್ನು ಚರ್ಮದ ಬೆಲ್ಟಿನಲ್ಲಿ ಕುರ್ಚಿಗೆ ಕಟ್ಟಿದ್ದರು. ಗಮನ ನಿಲ್ಲಲಿ ಎಂದು ಕಟ್ಟಿದ್ದಂತೆ. ಮಗ ಬೆಲ್ಟು ಕೊಯ್ದ. ಇಬ್ಬರು ಕಾವಲುಗಾರರು ಲಾಠಿ ಹಿಡಿದು ಬಂದರು. ಒಂದು ಏಟು ಮಗನ ಹೆಗಲಿಗೆ, ಇನ್ನೊಂದು ಕಿವಿಗೆ. ಮೂರನೆಯದು ಬೀಳುವಷ್ಟರಲ್ಲಿ ಲಾಠಿ ಇವನ ಕೈಯಲ್ಲಿತ್ತು. ನಾವು ಆಚೆ ಬಂದಾಗ ಒಬ್ಬನ ದವಡೆ ಕಳಚಿತ್ತು, ಇನ್ನೊಬ್ಬ ತನ್ನ ಎರಡು ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದ, ನನ್ನ ಒಂದು ಚಪ್ಪಲಿ ಒಳಗೇ ಉಳಿಯಿತು. ಎರಡೂ ಶಾಲೆಯವರು ದೂರು ಕೊಡಲಿಲ್ಲ, ಕೊಟ್ಟರೆ ಬೆತ್ತದ, ಬೆಲ್ಟಿನ ಕಥೆಯನ್ನೂ ಹೇಳಬೇಕಾಗುತ್ತಿತ್ತು. ದಾರಿಯುದ್ದಕ್ಕೂ ಮಗನ ಕಿವಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು.

“ಎರಡು ಹೋಯ್ತು,” ಎಂದ. “ಇನ್ನೊಂದೇ ಇರೋದು ಅಪ್ಪ.”  ತಿಂಗಳು ಮುಗಿಯಲು ಆರು ದಿನ ಬಾಕಿಯಿತ್ತು.

ಮೂರನೆಯದು ಟೈರ್ ಗೋದಾಮಿನ ಹಿಂದಿನ ಹಳೆಯ ಮನೆ. ಮಗುವನ್ನೂ ಕರೆದುಕೊಂಡೇ ಬನ್ನಿ ಎಂದಿದ್ದರು. ಹೆಡ್ ಮೇಡಂ ನನ್ನ ಎದೆಮಟ್ಟ, ಕೂದಲಲ್ಲೆಲ್ಲ ಸೀಮೆಸುಣ್ಣ. ಅಲ್ಲಿ ಕೆಲವರು ನೆಲದ ಮೇಲೆ ಬೋರಲು ಮಲಗಿ ಓದುತ್ತಿದ್ದರು. ಇಬ್ಬರು ತಟ್ಟೆಯ ಮರಳಿನಲ್ಲಿ ಬೆರಳಿಂದ ಬರೆಯುತ್ತಿದ್ದರು. ಒಬ್ಬಳು ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರವನ್ನು ಕಣ್ಣು ಮುಚ್ಚಿ ಸವರುತ್ತಿದ್ದಳು. ತಗಡು ತಿಕ್ಕುವ ಉಪ್ಪುಕಾಗದವೆಂದರೆ ನಮ್ಮ ಮನೆಯಲ್ಲಿ ರಾಶಿ ಬಿದ್ದಿರುವ ವಸ್ತು. ಮಿಡತೆ ನೇರವಾಗಿ ಹೋಗಿ ಆ ಮೇಜಿನ ಮುಂದೆ ಕೂತಳು.

ಮಗ ಆ ಮೇಜಿನ ಹತ್ತಿರವೇ ಹೋಗಿ ನಿಂತು ಥಟ್ಟನೆ ಕೈ ಎತ್ತಿದ.

ಯಾರೂ ತಲೆ ತಗ್ಗಿಸಲಿಲ್ಲ. ಒಬ್ಬ ಪುಟಾಣಿ ಆಟವೆಂದುಕೊಂಡು ಎಗರಿ, ಇವನ ಅಂಗೈಗೆ ತನ್ನ ಅಂಗೈ ತಟ್ಟಿ ಹೋದ. ಮಗನ ಮುಖ ಅರಳುತ್ತಿತ್ತು. ಆಗಲೇ ಮೇಜಿನ ಮುಂದಿನ ಕುರ್ಚಿ ಖಾಲಿಯಿರುವುದು ಕಂಡಿತು. ಮಿಡತೆ ಮೇಜಿನಡಿ ಸೇರಿ, ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು.

“ನಿಮ್ಮ ಪರೀಕ್ಷೆ ಚೆನ್ನಾಗಿದೆ,” ಎಂದರು ಹೆಡ್ ಮೇಡಂ. “ನಮ್ಮ ಹದಿಮೂರು ಮಕ್ಕಳು ಪಾಸು. ಒಂದು ಮಗು ಫೇಲು. ಅದು ಇನ್ನೂ ನಮ್ಮ ಶಾಲೆಗೆ ಸೇರಿಲ್ಲ.”

“ಅದು ಹಳೇ ಮೇಷ್ಟ್ರು ಮಾಡಿದ್ದು,” ಎಂದ ಮಗ.

ಆಕೆ ಬಗ್ಗಿ ಮೇಜಿನಡಿಗೆ ಕೇಳಿದರು. “ಬರೀ ಮೇಷ್ಟ್ರಾ, ಪುಟ್ಟಿ?”

“ಅಪ್ಪ ಓದಿಸೋವಾಗ ಮಾತ್ರ,” ಎಂದಿತು ಮೇಜಿನಡಿಯ ದನಿ. “ಮಿಕ್ಕ ಹೊತ್ತಲ್ಲಿ ಅಪ್ಪ ತುಂಬ ಒಳ್ಳೆಯವರು.”

ಹೆಡ್ ಮೇಡಂ ನೆಟ್ಟಗಾದರು. “ನಾನು ಇಲ್ಲಿ ಏನು ಕಲಿಸಿದ್ರೂ ಸಂಜೆ ನೀವು ಹೊಡೆದು ಅಳಿಸಿಬಿಡ್ತೀರಿ. ಅದು ನಿಲ್ಲೋವರೆಗೂ ಸೀಟಿಲ್ಲ.”

ಮಗನ ಕುತ್ತಿಗೆಯ ನರ ಉಬ್ಬಿತು. ಕೈ ಮುಷ್ಟಿಯಾಯಿತು. ನನಗೆ ಎಪ್ಪತ್ತೆರಡು ವರ್ಷ, ಆದರೂ ಹೇಗೋ ಆ ಇಬ್ಬರ ನಡುವೆ ನುಗ್ಗಿದೆ. ಆಮೇಲೆ ನಾನು ನೆಲದಲ್ಲಿದ್ದೆ, ಬಾಯಿ ತುಂಬ ಉಪ್ಪುಪ್ಪು ರಕ್ತ, ನನ್ನ ಹಲ್ಲುಸೆಟ್ಟು ಜಾರಿಕೊಂಡು ಮೇಜಿನಡಿಗೆ ಹೋಗಿತ್ತು.

ಮಿಡತೆ ಅದನ್ನು ಹಿಡಿದುಕೊಂಡು ಹೊರಬಂದಳು. ಫ್ರಾಕಿನಲ್ಲಿ ಒರೆಸಿ ಕೊಟ್ಟಳು. ನನ್ನನ್ನು ನಗಿಸಬೇಕೆಂದು, “ನೀವು ಏಳು ಮನೆ ದಾಟಲೇ ಇಲ್ಲ ತಾತ,” ಎಂದಳು.

“ಏನದು ಏಳು ಮನೆ?” ಎಂದು ಹೆಡ್ ಮೇಡಂ ಕೇಳಿದರು.

ಮಿಡತೆ ಕಥೆಯನ್ನು ಪೂರ್ತಿ ಹೇಳಿದಳು. ತಾತನ ಕೈ, ಅಪ್ಪ ಹಾರಿದ್ದು, ಬಟ್ಟೆಯ ಜೊತೆ ಇಸ್ತ್ರಿ ಮಾಡಿದ್ದು. ನನಗಿಂತ ಚೆನ್ನಾಗಿಯೇ ಹೇಳಿದಳು. ಯಾರೂ ನಗಲಿಲ್ಲ. ಮಗ ಗೋಡೆ ನೋಡುತ್ತಿದ್ದ.

ಹಲ್ಲು ಕೈಯಲ್ಲೇ ಇತ್ತು. ಹಲ್ಲಿಲ್ಲದ ಬಾಯಲ್ಲಿ ಬಣ್ಣ ಕಟ್ಟಿ ಹೇಳಲು ಬರುವುದಿಲ್ಲ.

“ಏಳು ಮನೆ ಇಲ್ಲ ಮೇಡಂ,” ಎಂದೆ. “ಒಂದು ಹೊಸಿಲು. ಹೊಸಿಲಿನ ಅಂಚಿಗೆ ಹಣೆ ಬಡೀತು. ಅವನ ಹುಬ್ಬಿನ ಮೇಲೆ ಗುರುತಿದೆ, ನೋಡಿ. ಮೂರು ಹೊಲಿಗೆ ಬಿತ್ತು. ಮಾರನೇ ದಿನಾನೂ ಹೊಡೆದೆ, ಹೊಲಿಗೆ ಇಲ್ಲದ ಕಡೆ. ಅವನೂ ಅಕ್ಷರ ಓಡಾಡ್ತವೆ ಅಂತಿದ್ದ. ನನಗದು ಸೋಮಾರಿತನ ಅನ್ನಿಸ್ತು.”

ಹೆಡ್ ಮೇಡಂ ಮಗನ ಕಡೆ ತಿರುಗಿದರು. “ಈಗ?”

“ಈಗಲೂ ಓಡಾಡ್ತವೆ,” ಎಂದ.

“ಹಾಗಾದ್ರೆ ಇವಳನ್ನ ಹೇಗೆ ಓದಿಸ್ತಿದ್ರಿ?”

ಅವನು ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕುಸಿದು ಕೂತ. ಮಂಡಿ ಎರಡೂ ಕಿವಿಯ ಹತ್ತಿರ ಬಂದವು. “ಅವಳು ಓದೋದು ಕೇಳ್ತಿದ್ದೆ. ತಡವರಿಸಿದ್ರೆ ತಪ್ಪಿರಬೇಕು ಅಂದ್ಕೊಂಡು ಹೊಡೀತಿದ್ದೆ. ತಪ್ಪೋ ಸರಿಯೋ ನನಗೆ ಗೊತ್ತಾಗ್ತಿರಲಿಲ್ಲ.”

 ಹೆಡ್ ಮೇಡಂ, “ತಿಂಗಳ ಕೊನೇ ದಿನ ಬನ್ನಿ,” ಎಂದರು. “ಸೀಟು ಇಟ್ಟಿರ್ತೀನಿ. ನಿಮ್ಮನ್ನಲ್ಲ, ಇವಳನ್ನ ಕೇಳಿ ಕೊಡ್ತೀನಿ.”

ಅಂದು ಸಂಜೆ ಅಡುಗೆಮನೆಯಲ್ಲಿ ಮಗ ಮೇಲಿನ ಗೂಡಿನಿಂದ ಲೋಟ ತೆಗೆಯಲು ಕೈ ಎತ್ತಿದ. ಮಿಡತೆ ಚಂಗನೆ ಹಾರಿ ಬಾಗಿಲ ಹಿಂದೆ ಹೋದಳು. ಅವಳ ಹಾರಾಟವನ್ನು ನಾನು ನಗದೆ ನೋಡಿದ್ದು ಅದೇ ಮೊದಲು. ಮಗ ಎತ್ತಿದ ಕೈ ಇಳಿಸದೆ ನಿಂತ. ನಿಂತೇ ಇದ್ದ. ಕೊನೆಗೆ ಅಂಗಡಿಯ ದನಿಯಲ್ಲಿ, ಆದರೆ ಮೆಲ್ಲಗೆ, “ಎತ್ತಿದೆ,” ಎಂದ. “ಲೋಟಕ್ಕೆ.”

ಬಾಗಿಲ ಹಿಂದಿನಿಂದ ಒಂದು ಕಣ್ಣು ಕಂಡಿತು.

ಅಲ್ಲಿಂದ ನಮ್ಮ ಮನೆ ಗ್ಯಾರೇಜಾಯಿತು. ‘ಎತ್ತಿದೆ, ಫ್ಯಾನಿಗೆ.’ ‘ಎತ್ತಿದೆ, ಟವೆಲಿಗೆ.’ ಸೊಸೆ ಕೂದಲು ಬಾಚುವಾಗ ಎಳೆಗೊಂದು ಸಲ ಕೂಗುತ್ತಿದ್ದಳು. ನಾನು ಆಕಳಿಸಿ ಮೈಮುರಿಯುವುದಕ್ಕೂ ಅಪ್ಪಣೆ ಬೇಕಾಗುತ್ತಿತ್ತು. ಮೂರನೆಯ ದಿನ ಮಿಡತೆ, “ಎತ್ತಿ ತಾತ, ಯಾರು ಬೇಡ ಅಂದ್ರು,” ಎಂದಳು. ನಾಲ್ಕನೆಯ ಸಂಜೆ ಅವಳೇ ಪುಸ್ತಕ ತಂದು ಮುಂದೆ ಕೂತಳು, ತಡವರಿಸಿದಳು. ಮಗ ಬಿರಬಿರನೆ ಎದ್ದು ಒಳಗೆ ಹೋದ. ಗುಡುಗಿದಂಥ ಸದ್ದು. ನಾನು ರೇಡಿಯೋ ಮುಟ್ಟಲಿಲ್ಲ, ಓಡಿಹೋಗಿ ನೋಡಿದೆ. ಅವನ ಮುಷ್ಟಿಯ ಚರ್ಮ ಸುಲಿದಿತ್ತು.

ತಿಂಗಳ ಕೊನೆಯ ದಿನ ಹೆಡ್ ಮೇಡಂ ಕೇಳಿದರು. “ಅಪ್ಪ ಹೊಡೆದ್ರಾ?”

“ನನಗಿಲ್ಲ. ಒಂದು ಸಲ ಗೋಡೆಗೆ ಹೊಡೆದ್ರು. ತೂತು ಬಿದ್ದಿದೆ.”

“ಭಯ ಆಯ್ತಾ?”

ಮಿಡತೆ ಯೋಚಿಸಿದಳು. “ಸ್ವಲ್ಪ. ಆದ್ರೆ ಗೋಡೆಗೂ ಹೇಳೇ ಹೊಡೆದ್ರು.”

ಹೆಡ್ ಮೇಡಂ ಮಗನ ಕೈಗೆ ಸುತ್ತಿದ್ದ ಬಟ್ಟೆಯನ್ನು ನೋಡಿದರು. ಆಮೇಲೆ ಪ್ರವೇಶದ ಹಾಳೆಯನ್ನು ಎಳೆದುಕೊಂಡು, ಕಪಾಟಿನ ಮೇಲಿದ್ದ ಪೆನ್ನಿಗೆ ಕೈ ಎತ್ತಿದರು. ಮಿಡತೆಯ ಹೆಗಲು ಚಕ್ಕನೆ ಕಿವಿಗೇರಿತು.

“ಎತ್ತಿದ್ರು ಕಣೇ,” ಎಂದ ನನ್ನ ಮಗ, ಅವಳ ಪಕ್ಕದ ಪುಟ್ಟ ಕುರ್ಚಿಯಿಂದ. “ಪೆನ್ನಿಗೆ.”