ಕಣ್ಣು ತುಂಬದ ಹಣಮಪ್ಪ

ಬಾಲರಾಜನ ಅಜ್ಜಿ ಹಣಮಮ್ಮ ಊರೂರು ತಿರುಗಿ ಸೂಜಿಯಲ್ಲಿ ಹಚ್ಚೆ ಹಾಕಿದವಳು. ಅವಳನ್ನು ಜನ ಕರೆದು ಕೂಡಿಸಿ ಊಟಕ್ಕಿಡುತ್ತಿದ್ದರು. ಮೊಮ್ಮಗ ಸುರಪುರದಲ್ಲಿ ಮಷೀನಿಟ್ಟು ಟ್ಯಾಟೂ ಅಂಗಡಿ ತೆರೆದ. ವಡಗೇರಾದಿಂದ ವರನನ್ನು ನೋಡಲು ಬಂದವರು ಅವನ ತೋಳಿನ ಹಚ್ಚೆ ಕಂಡದ್ದೇ ಚಹಾ ಅರ್ಧಕ್ಕೆ ಬಿಟ್ಟು ಎದ್ದರು. “ಗೋಡಿ ಮ್ಯಾಲ ಬರಿಯೋದೆಲ್ಲ ಮೈ ಮ್ಯಾಲ ಬರಕೊಂಡಾನ” ಎಂದು ಹೆಣ್ಣಿನ ಸೋದರಮಾವ ಹೊಸ್ತಿಲಲ್ಲೇ ಹೇಳಿ ಹೋದ.

ಅಜ್ಜಿಯದೊಂದು ಕಟ್ಟಳೆಯಿತ್ತು. ಮೈಮೇಲೆ ಹಚ್ಚೆ ಹಾಕಿದ ದೇವರಿಗೆ ಕಣ್ಣು ಬರೆದು ತುಂಬಿದರೆ ಆ ಮೈಗೆ ಖಂಡ ತಿನ್ನುವುದು, ಸೆರೆ ಕುಡಿಯುವುದು ಎರಡೂ ವರ್ಜ್ಯ. ಊರಿನ ಹುಡುಗರು ಅದಕ್ಕೆ ಕಳ್ಳದಾರಿ ಕಂಡುಕೊಂಡರು. ಎದೆಯ ಮೇಲೆ ಹಣಮಪ್ಪನನ್ನು ಬರೆಸಿ ಕಣ್ಣಿನ ಜಾಗ ಖಾಲಿ ಬಿಡಿಸುತ್ತಿದ್ದರು. ಕಾಯುವುದಕ್ಕೆ ದೇವರು ಬೇಕು, ಕಾಣುವುದಕ್ಕೆ ಬೇಡ. ಆ ಧೈರ್ಯದಲ್ಲೇ ರವಿವಾರ ಕೃಷ್ಣೆಯ ಸೇತುವೆಯಿಂದ ಹೊಳೆಗೆ ಜಿಗಿಯುತ್ತಿದ್ದರು. ಮೊದಲ ಜಿಗಿತ ಯಾವಾಗಲೂ ಬಾಲರಾಜನದು. ಅವನೆದೆಯ ಹಣಮಪ್ಪನಿಗೂ ಕಣ್ಣಿರಲಿಲ್ಲ.

ಒಂದು ರವಿವಾರ ಅವನಿಗೆ ಜ್ವರ ಬಂದು, ಅವನ ಬದಲು ಗೆಳೆಯ ಅಮರಪ್ಪ ಮೊದಲು ಜಿಗಿದ. ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಮೇಲೆ ಬರಲಿಲ್ಲ. ಬಂದಾಗ ಕೆಮ್ಮಲೂ ಇಲ್ಲ.

ಗುರುವಾರ ಮಧ್ಯಾಹ್ನ ಅಮರಪ್ಪ ಬಾಲರಾಜನ ಅಂಗಡಿಗೆ ಬಂದು ಅಂಗಿ ಬಿಚ್ಚಿ ಕುಳಿತ.

“ಲೇ ಬಾಲ್ಯಾ, ನನ್ನ ಹಣಮಪ್ಪಗ ಕಣ್ಣು ತುಂಬು.”

“ಯಾಕಲೇ, ಕುರಿ ಖಂಡ ಬಿಟ್ಟು ಕಾಯಿಪಲ್ಲೆಕ ಬಿದ್ದಿ?”

“ನೀರಾಗ ಯಾರೋ ನನ್ನ ಮಾರಿ ತಡವಾಕತ್ತಿದ್ರು.”

“ಮೀನ ಇರಬೇಕು.”

“ಮೀನಿಗೆ ಐದು ಬೆರಳ ಇರ್ತಾವೇನು? ಕುರುಡರು ಗುರುತು ಹಿಡಿಯಾಕ ತಡವತಾರಲ್ಲ, ಹಂಗ. ಮೂಗು, ತುಟಿ, ಎದಿ. ಆಮ್ಯಾಲ ರಟ್ಟಿ ಹಿಡಿದು ಮ್ಯಾಲ ದೂಡ್ತು. ದೂಡೋಮುಂದ ಒಂದು ಹೆಸರು ಅಂತು.”

“ನಿಂದಾ?”

ಅಮರಪ್ಪ ಗೋಡೆ ನೋಡುತ್ತ ಹೇಳಿದ. “ನಿಂದು. ಮೊದಲು ಜಿಗಿಯಾವ ನೀನೇ ಅಲ್ಲೇನು. ಕಣ್ಣಿಲ್ಲದ್ದಕ್ಕ ನಾನೇ ನೀನು ಅಂತ ತಿಳಕೊಂಡು ಎತ್ತೇದ. ನಿನ್ನ ಎತ್ತೋ ಪಾಳಿ ನನಗ ಹೋಗ್ಯಾದ ದೋಸ್ತ. ಇನ್ನ ನೀನು ಜಿಗಿಬ್ಯಾಡ.”

ಬಾಲರಾಜ ಮಷೀನು ಹಚ್ಚಿ ಗೆಳೆಯನ ಎದೆಗೆ ಸೂಜಿಯಿಟ್ಟ. ಸೂಜಿ ಆಡಿದಲ್ಲಿ ರಕ್ತದ ಹನಿ ಬರುವುದು ಅವನಿಗೆ ರೂಢಿ. ಈಗ ಬಂದದ್ದು ನೀರು. ಒರೆಸಿದ ಅರಿವೆಯಲ್ಲಿ ಸಣ್ಣ ಉಸುಕು. ಇಬ್ಬರೂ ಅದನ್ನು ನೋಡಿದರು, ಬಾಲರಾಜ ಅರಿವೆ ಮಡಚಿಟ್ಟು ಕಣ್ಣು ತುಂಬಿ ಮುಗಿಸಿದ.

ರವಿವಾರ ಹನ್ನೊಂದಕ್ಕೆ ಸೇತುವೆಯಿಂದ ಫೋನು. ಜಿಗಿಯುವ ಗುಂಪಿನ ಬಸಲಿಂಗನ ದನಿ, ಹಿಂದೆ ಹತ್ತಾರು ಜನರ ನಗೆ.

“ಎಲ್ಲಿ ಅದೀಪಾ? ಜ್ವರ ಇಳಿದದ, ಧೈರ್ಯನೂ ಇಳಿದದೇನು? ಕೈಗೆ ಇಟ್ಕೊಳ್ಳಾಕ ಬಳಿ ಕಳಿಸಲೇನು?”

“ಬರಾಕತ್ತೇನಿ” ಎಂದ ಬಾಲರಾಜ. ಅಲ್ಲಿಗೆ ಹೋಗದಿದ್ದರೆ ಸಂಜೆಗೆ ಊರೆಲ್ಲ ಹೇಡಿ ಅನ್ನುತ್ತದೆ. ಹೋಗಿ ಜಿಗಿದರೆ ನೀರಿನಿಂದ ಎತ್ತುವವರಿಲ್ಲ. ಎದೆಯ ಹಣಮಪ್ಪನಿಗೆ ಕಣ್ಣು ತುಂಬಿಕೊಂಡೇ ಹೋಗೋಣವೆಂದು ಅಂಗಡಿಯ ಕನ್ನಡಿಯ ಮುಂದೆ ಕುಳಿತು ಸೂಜಿ ಹಿಡಿದ. ಬಲಗಣ್ಣು ಮುಗಿಯಿತು. ಎಡಗಣ್ಣೂ ಮುಗಿಯಿತು. ಒರೆಸಿ ನೋಡಿದ.

ಎರಡೂ ಕಣ್ಣು ನೆಟ್ಟಗೇ ಬರೆದಿದ್ದ, ಕೈ ತಪ್ಪಿರಲಿಲ್ಲ. ಆದರೆ ಕನ್ನಡಿಯಲ್ಲಿ ಹಣಮಪ್ಪ ಅವನನ್ನು ನೋಡುತ್ತಿರಲಿಲ್ಲ. ಅವನ ಹೆಗಲ ಹಿಂದೆ, ಬಾಗಿಲ ಕಡೆ ನೋಡುತ್ತಿದ್ದ. ಅಲ್ಲಿ ಯಾರೋ ಬಂದು ನಿಂತಂತೆ.

ಬಾಲರಾಜ ತಿರುಗಿದ. ಬಾಗಿಲಲ್ಲಿ ಬಿಸಿಲಿತ್ತು. ಹೊಸ್ತಿಲ ಕಲ್ಲು ಮಾತ್ರ ಎರಡು ಪಾದ ಊರಿದಷ್ಟು ಒದ್ದೆ.

ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಅವನು ಎದ್ದು ಹೋಗಿ, ಹೊಸ್ತಿಲು ದಾಟದೆ, ಶಟರನ್ನು ಒಳಗಿನಿಂದಲೇ ಎಳೆದುಕೊಂಡ.