ಕಾರ್ಡಿನಲ್ಲಿ ದರ್ಜಿ

ನನ್ನ ಇಕಾಮಾ, ಅಂದರೆ ಈ ಕೊಲ್ಲಿ ದೇಶದಲ್ಲಿ ಇರಲು ಕೊಟ್ಟ ಪರವಾನಗಿ ಕಾರ್ಡಿನ ಪ್ರಕಾರ ನಾನು ದರ್ಜಿ. ಹತ್ತೊಂಬತ್ತು ವರ್ಷಗಳಿಂದ ದರ್ಜಿ. ಸೂಜಿಗೆ ದಾರ ಪೋಣಿಸಲು ನನಗೆ ಇವತ್ತಿಗೂ ಬರುವುದಿಲ್ಲ. ಅಂಗಿಯ ಗುಂಡಿ ಕಿತ್ತು ಬಂದರೆ ಹೆಂಡತಿಯೇ ಹಾಕಿಕೊಡಬೇಕು. ಕಲಿತದ್ದು ಮೆಕ್ಯಾನಿಕಲ್ ಡಿಪ್ಲೊಮಾ, ಮಾಡುವುದು ಸಬ್ಹಾನಿನ ಒಂದು ವರ್ಕ್‌ಶಾಪಿನಲ್ಲಿ ಗೇರ್ ಮೋಟಾರ್‌ಗಳ ವಿನ್ಯಾಸ. ಆದರೆ ನಾನು ಬರುವ ವರ್ಷ ವೀಸಾ ಕೊಡುವ ಇಲ್ಲಿನ ಧಣಿ, ಕಫೀಲರ ಬಳಿ ಖಾಲಿ ಇದ್ದದ್ದು ಖಯ್ಯಾತ್ ವೀಸಾ, ಅಂದರೆ ದರ್ಜಿಯ ವೀಸಾ, ಒಂದೇ. ಬಂದ ಮೇಲೆ ಬದಲಾಯಿಸೋಣ ಅಂದರು. ಬಂದೆ. ಬದಲಾಯಿಸಿದವರು ಯಾರು!

ಕಂಪನಿಯ ಕಾಗದಪತ್ರ ನೋಡಿಕೊಳ್ಳುವ ಮಂದೂಬ್ ನಮ್ಮ ಊರಿನ ಕಡೆಯ ಬ್ಯಾರಿ. ಮೊದಲ ದಿನವೇ ನನ್ನನ್ನು ಎದುರು ಕೂರಿಸಿಕೊಂಡು ಪಾಠ ಮಾಡಿದ್ದ. "ಗುರುತು ಪರಿಚಯ ಇಲ್ಲದವರು ಯಾರೇ ಕೇಳಲಿ ಮಾರಾಯ್ರೆ, ಕಾರ್ಡಲ್ಲಿ ಎಂಥ ಉಂಟೋ ಅದನ್ನೇ ಹೇಳಿ. ಖಯ್ಯಾತ್. ಖಲಾಸ್. ಮೋಟಾರು ಗೀಟಾರು ಎಲ್ಲ ಒಳಗೆ." ಅದನ್ನು ನಾನು ನಗುತ್ತಲೇ ಕೇಳಿದ್ದೆ. ಮುಂದೊಂದು ದಿನ ಪಕ್ಕದ ವರ್ಕ್‌ಶಾಪಿನವನೊಬ್ಬ ತಪಾಸಣೆಗೆ ಬಂದವರ ಮುಂದೆ ತನ್ನ ನಿಜವಾದ ಕೆಲಸ ಹೇಳಿಬಿಟ್ಟ. ಅವನ ಕಾರ್ಡಿನಲ್ಲಿ ಬೇರೆಯೇ ಇತ್ತು. ಅವನನ್ನು ಉಟ್ಟ ಬಟ್ಟೆಯಲ್ಲೇ ಊರಿಗೆ ಅಟ್ಟಿದರು. ಆಮೇಲೆ ನಾನು ನಗಲಿಲ್ಲ. ಕನ್ನಡಿಯ ಮುಂದೆ ನಿಂತು ಖಯ್ಯಾತ್, ಖಯ್ಯಾತ್ ಅಂತ ಅಭ್ಯಾಸ ಮಾಡಿದೆ, ನಾಚಿಕೆಗೇಡು.

ನಮ್ಮಲ್ಲಿ ಮೊದಲು ಗೇಟು ತೆರೆಯುವ ಮೋಟಾರ್‌ಗಳ ಕೆಲಸವೇ ಹೆಚ್ಚು. ಈಚೆಗೆ ಹವ್ಯಾಸಕ್ಕಾಗಿ ರೋಬೋಟ್ ಮಾಡುವವರು ಬರತೊಡಗಿದರು. ಅಂಗಡಿಯಲ್ಲಿ ಸಿಗುವ ಮೋಟಾರ್ ಅವರಿಗೆ ಸಾಲದು. ಒಬ್ಬರಿಗೆ ನಿಧಾನ ಬೇಕು, ಇನ್ನೊಬ್ಬರಿಗೆ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಕೂರಬೇಕು. ಮೋಟಾರ್ ಹುಚ್ಚೆದ್ದು ತಿರುಗುತ್ತದೆ, ಆದರೆ ಅದರಲ್ಲಿ ಬಲ ಇರುವುದಿಲ್ಲ. ಒಂದರ ಹಿಂದೆ ಒಂದು ಗೇರ್ ಜೋಡಿಸಿ ಆ ವೇಗವನ್ನು ಬಲಕ್ಕೆ ಬದಲಾಯಿಸುವುದೇ ನನ್ನ ವಿದ್ಯೆ. ಈ ದೇಶದಲ್ಲಿ ಅದಿಷ್ಟೇ ಸಾಲದು. ಬೇಸಿಗೆಯಲ್ಲಿ ಗ್ರೀಸ್ ಕರಗಿ ಹರಿದುಹೋಗುತ್ತದೆ, ಗೇರುಗಳ ನಡುವೆ ಧೂಳು ಹೊಕ್ಕು ಹಲ್ಲು ತಿನ್ನುತ್ತದೆ. ಬೇರೆ ದೇಶದ ಪುಸ್ತಕ ನೋಡಿ ಮಾಡಿದ್ದು ಇಲ್ಲಿ ಎರಡು ತಿಂಗಳು ಬಾಳುವುದಿಲ್ಲ.

ಎಂಟನೇ ತರಗತಿಯ ನನ್ನ ಮಗಳಿಗೂ ಈ ಹುಚ್ಚು ಹತ್ತಿತು. ಶಾಲೆಗಳ ರೋಬೋಟ್ ಸ್ಪರ್ಧೆಗೆ ಅವಳ ಹೆಸರು ಕೊಟ್ಟಿದ್ದರು. ಮರಳಿನ ಚೀಲ ಹೊತ್ತು ಇಳಿಜಾರು ಹತ್ತಬೇಕು. ಬಿಡಿಭಾಗ ಕೊಳ್ಳದೆ ಮನೆಯವರೊಡನೆ ತಾವೇ ಮಾಡಿದವರಿಗೆ ಬೇರೆಯೇ ಬಹುಮಾನ. ಅವಳ ಕಣ್ಣು ಇದ್ದದ್ದು ಅದರ ಮೇಲೆ. ಫಹಾಹೀಲಿನ ನಮ್ಮ ಫ್ಲಾಟಿನ ಊಟದ ಮೇಜು ಎರಡು ತಿಂಗಳು ವರ್ಕ್‌ಶಾಪ್ ಆಯಿತು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದ ಹೆಂಡತಿ, "ಅನ್ನದ ಬಟ್ಟಲಲ್ಲಿ ಗ್ರೀಸ್ ಯಾರದ್ದು ಇದು?" ಅಂತ ಕೂಗುವಳು. ನಾವಿಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಿದ್ದೆವು.

ಮೊದಲ ಮೋಟಾರ್ ಅರ್ಧ ಇಳಿಜಾರಿನಲ್ಲಿ ಕೈಕೊಟ್ಟಿತು. ಕೊನೆಯ ನೈಲಾನ್ ಗೇರಿನ ಎರಡು ಹಲ್ಲು ಮುರಿದಿದ್ದವು. ಅವಳೇ ಲೆಕ್ಕ ಹಾಕಿ, "ಮೇಕ್ ದ ಲಾಸ್ಟ್ ಒನ್ ಬಿಗ್ಗರ್, ಪಪ್ಪಾ" ಅಂದಳು. ಹಿತ್ತಾಳೆಯಲ್ಲಿ ದೊಡ್ಡದು ಕೊರೆದು ಕೊಟ್ಟೆ. ಧೂಳು ತಡೆಯಲು ಶಾಫ್ಟಿನ ಸುತ್ತ ಫೆಲ್ಟ್ ಬಟ್ಟೆಯ ಬಳೆ ಹಾಕುವ ಉಪಾಯವೂ ಅವಳದೇ. ಅದನ್ನು ಕತ್ತರಿಸಿದವನು ನಾನು. ನನ್ನ ಹತ್ತೊಂಬತ್ತು ವರ್ಷಗಳ ದರ್ಜಿ ಉದ್ಯೋಗದಲ್ಲಿ ಬಟ್ಟೆಗೆ ಕತ್ತರಿ ಹಾಕಿದ್ದು ಅದೊಂದೇ ಸಲ. ಸ್ಪರ್ಧೆಯ ಅರ್ಜಿಯಲ್ಲಿ ಅವಳು ದಪ್ಪ ಅಕ್ಷರದಲ್ಲಿ ಬರೆದಳು: ಮೋಟಾರ್ ವಿನ್ಯಾಸ ನನ್ನ ಪಪ್ಪನದು, ಗೇರಿನ ಲೆಕ್ಕ ನನ್ನದು. ಓದಿ ಎದೆ ತುಂಬಿ ಬಂದಿತ್ತು. ಈ ದೇಶದಲ್ಲಿ ನಾನು ಯಾರು ಅಂತ ಒಂದು ಕಾಗದದಲ್ಲಿ ಸರಿಯಾಗಿ ಬರೆದವಳು ಅವಳೊಬ್ಬಳೇ.

ಸಲ್ವಾದ ಶಾಲೆಯೊಂದರ ಹಾಲಿನಲ್ಲಿ ಸ್ಪರ್ಧೆ. ಅವಳ ರೋಬೋಟ್ ಚೀಲ ಹೊತ್ತು ಒಂದೇ ಉಸಿರಿಗೆ ತುದಿ ಮುಟ್ಟಿತು. ಅವಳು ಕುಣಿದಳು. ನಾನು ಬಾಗಿಲ ಹತ್ತಿರ ಚಹಾ ಹಿಡಿದು ನಿಂತಿದ್ದೆ. ಆಗ ಬೆನ್ನ ಹಿಂದಿನಿಂದ ಒಬ್ಬರು ಬಂದರು. ಅರಬರ ಬಿಳಿ ನಿಲುವಂಗಿ ದಿಶ್ದಾಶಾ, ಕೊರಳಲ್ಲಿ ಕಾರ್ಡು, ಕೈಯಲ್ಲಿ ಫೈಲು. ಅರಬಿಯಲ್ಲಿ ನೇರವಾಗಿ ಕೇಳಿದರು, ನಿನ್ನ ಕೆಲಸ ಏನು?

"ಖಯ್ಯಾತ್," ಅಂದೆ.

ಯೋಚಿಸಿ ಹೇಳಿದ್ದಲ್ಲ. ಬಿಸಿ ಪಾತ್ರೆ ಮುಟ್ಟಿದರೆ ಕೈ ಹಿಂದೆ ಬರುವ ಹಾಗೆ ಅದು ತಾನಾಗಿ ಬಂತು. ಅವರು ಹುಬ್ಬು ಗಂಟಿಕ್ಕಿ ಫೈಲು ನೋಡಿ ಮತ್ತೆ ಕೇಳಿದರು, ಆ ಮೋಟಾರ್ ಮಾಡಿದ್ದು ನೀನಲ್ಲವೇ? "ಲಾ, ಲಾ," ಅಲ್ಲ ಅಂದೆ, ಎರಡೆರಡು ಸಲ. ಆಮೇಲೆ ಫೈಲಿನಲ್ಲಿ ಕಂಡದ್ದು ಮಗಳ ಕೈಬರಹ. ಅವರು ತಪಾಸಣೆಯವರಲ್ಲ, ತೀರ್ಪುಗಾರರು. ಅರ್ಜಿಯಲ್ಲಿ ಬರೆದದ್ದು ನಿಜವೇ ಅಂತ ಕೇಳಲು ಬಂದವರು.

ಮಗಳು ನಾಲ್ಕು ಹೆಜ್ಜೆ ಆಚೆ ನಿಂತಿದ್ದಳು. ಶಾಲೆಯಲ್ಲಿ ಅರಬಿ ಕಲಿಯುತ್ತಾಳೆ, ಎಲ್ಲವೂ ಅರ್ಥವಾಗಿತ್ತು.

ಈಗಲಾದರೂ ಹೇಳು ಅಂತ ಒಳಗೆ ಮನಸ್ಸು ಒದರುತ್ತಿತ್ತು. ಸುಳ್ಳು ಹೇಳಿದೆ ಸರ್, ಆ ಹಿತ್ತಾಳೆ ಗೇರಿಗೆ ನಲವತ್ತೆಂಟು ಹಲ್ಲು, ಕೊರೆದವನು ನಾನು. ಇಷ್ಟೇ ಹೇಳಬೇಕಿತ್ತು. ಆದರೆ ಈ ಮನುಷ್ಯನಿಗೆ ಯಾರ ಪರಿಚಯ ಇದೆಯೋ, ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೋ. ಉಟ್ಟ ಬಟ್ಟೆಯಲ್ಲೇ ಹೋದವನು ಕಣ್ಣ ಮುಂದೆ ಬಂದ. ಮಂದೂಬನನ್ನು ಬೈಯಲೇ, ಕಫೀಲರನ್ನು ಬೈಯಲೇ? ಬೈದಿದ್ದೇನೆ, ಬೇಕಾದಷ್ಟು ಬೈದಿದ್ದೇನೆ. ಆದರೆ ಆ ಹೊತ್ತಿನಲ್ಲಿ ನನ್ನ ಬಾಯಿ ಮುಚ್ಚಿದವರು ಅವರಾರೂ ಅಲ್ಲ. ಥೂ, ಎಂಥ ಅಪ್ಪ ನಾನು.

ಅವರು ಮಗಳ ಕಡೆ ತಿರುಗಿ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದರು: ಮೋಟಾರ್ ಕೊಂಡು ತಂದರೆ ತಪ್ಪೇನಿಲ್ಲ ಮಗೂ, ಆದರೆ ಬರೆಯುವಾಗ ನಿಜ ಬರೆಯಬೇಕು. ಆ ಬಹುಮಾನದ ಪಟ್ಟಿಯಿಂದ ಅವಳ ಹೆಸರು ಹೊಡೆದರು. ಅವಳು ಅಳಲಿಲ್ಲ. ನನ್ನನ್ನು ನೋಡುತ್ತಾ ನಿಂತಳು, ನಾನು ಬಾಯಿ ತೆರೆಯುತ್ತೇನೆಂದು. ನಾನು ಚಹಾದ ಲೋಟ ನೋಡುತ್ತಿದ್ದೆ.

ಕಾರಿನಲ್ಲಿ ಕಾರಣ ಎಲ್ಲ ಹೇಳಿದೆ. ಕಾರ್ಡು, ವೀಸಾ, ತಪಾಸಣೆ. ಕೊನೆಯವರೆಗೂ ಕೇಳಿ, "ಬಟ್ ಐ ಟೋಲ್ಡ್ ದೆಮ್ ಇಟ್ ವಾಸ್ ಯೂ, ಪಪ್ಪಾ" ಅಂದಳು. ಅಷ್ಟೇ. ಮನೆಗೆ ಬಂದು ಊಟದ ಮೇಜು ಒರೆಸಿ, ಗೇರುಗಳನ್ನೆಲ್ಲ ಡಬ್ಬಕ್ಕೆ ಹಾಕಿ ನನ್ನ ಚೀಲದ ಪಕ್ಕ ಇಟ್ಟಳು.

ಹೊಸ ತರಗತಿ ಶುರುವಾದಾಗ ಶಾಲೆಯಿಂದ ಎಂದಿನ ಫಾರಂ ಬಂತು. ತಂದೆಯ ಉದ್ಯೋಗ ಅಂತ ಒಂದು ಸಾಲು. ಪ್ರತಿ ವರ್ಷ ಅವಳು ಅಲ್ಲಿ ಮೋಟಾರ್ ಡಿಸೈನರ್ ಅಂತ ಬರೆಯುವುದು, ಹೆಂಡತಿ ಗಾಬರಿಯಾಗಿ ಅಳಿಸುವುದು, ಮನೆಯಲ್ಲಿ ಅದೊಂದು ತಮಾಷೆ. ಈ ಸಲ ಅವಳು ಯಾರನ್ನೂ ಕೇಳದೆ ಟೈಲರ್ ಅಂತ ಬರೆದು ತಂದಳು. ಅಳಿಸುವಂಥದ್ದು ಏನೂ ಇರಲಿಲ್ಲ. ಪೆನ್ನು ನನ್ನ ಕಡೆ ಚಾಚಿದಳು, ನಾನು ಕೆಳಗೆ ಸಹಿ ಮಾಡಿ ಕೊಟ್ಟೆ.